ಮೈಸೂರು ವಾಸುದೇವಾಚಾರ್ಯರು: ಕಾವೇರಿಯಿಂದ ಅಡಯಾರಿನವರೆಗೆ

ಕರ್ನಾಟಕ ಸಂಗೀತಕ್ಕೆ ಪುರಂದರದಾಸರನ್ನು ಕೊಟ್ಟವರು ನಾವು ಎಂದು ಪ್ರತಿವರ್ಷವೂ ರಾಜ್ಯೋತ್ಸವದ ವೇದಿಕೆಯಿಂದ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದು ಸಹಜವೇ. ಆದರೆ ನಾವು ಬಾಳುತ್ತಿರುವ ಈ ಚೆನ್ನೈ ನಗರದಲ್ಲಿಯೇ ತಮ್ಮ ಇಳಿವಯಸ್ಸಿನಲ್ಲಿ ದುಡಿದ ಕನ್ನಡಿಗ ವಾಗ್ಗೇಯಕಾರರೊಬ್ಬರನ್ನು ನಾವು ನೆನೆಯುವುದು ಅಪರೂಪ. ಅವರೇ ಮೈಸೂರು ವಾಸುದೇವಾಚಾರ್ಯರು.

ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಕೃತಿಯನ್ನು ಕೇಳದ ಸಂಗೀತಾಭಿಮಾನಿಗಳು ವಿರಳ. 1980ರಲ್ಲಿ ತೆರೆಕಂಡ ‘ಶಂಕರಾಭರಣಂ’ ಚಲನಚಿತ್ರದಿಂದಾಗಿ ಅದು ಸಂಗೀತ ಕಲಿಯದವರ ಮನೆಗಳನ್ನೂ ಹೊಕ್ಕಿತು. ಸಾಹಿತ್ಯವು ತೆಲುಗಿನಲ್ಲಿರುವುದರಿಂದ ಅದು ತ್ಯಾಗರಾಜರದೇ ಇರಬೇಕೆಂದು ಭಾವಿಸುವವರೂ ಉಂಟು. ಅದನ್ನು ರಚಿಸಿದವರು ನಮ್ಮ ಆಚಾರ್ಯರು. ‘ವಾಸುದೇವ’ ಎಂಬುದು ಅವರ ಅಂಕಿತ.

ಆಚಾರ್ಯರು ಹುಟ್ಟಿದ್ದು 1865ರಲ್ಲಿ, ಮೈಸೂರಿನಲ್ಲಿ. ಬಾಲ್ಯದಲ್ಲಿಯೇ ಸಂಸ್ಕೃತಾಭ್ಯಾಸವಾಯಿತು, ಸಂಗೀತದ ಮೊದಲ ಪಾಠಗಳು ವೀಣೆ ಪದ್ಮನಾಭಯ್ಯನವರಲ್ಲಿ ನಡೆದವು. ಈ ಯುವಕನ ಪ್ರತಿಭೆಯನ್ನು ಗುರುತಿಸಿದ ಚಾಮರಾಜೇಂದ್ರ ಒಡೆಯರು ಅರಮನೆಯ ನೆರವಿನಿಂದ ಅವರನ್ನು ತಿರುವಯ್ಯಾರಿಗೆ, ಪಟ್ಟಣಂ ಸುಬ್ರಹ್ಮಣ್ಯ ಅಯ್ಯರವರ ಬಳಿಗೆ ಕಳುಹಿಸಿದರು. ಸುಬ್ರಹ್ಮಣ್ಯ ಅಯ್ಯರವರು ಮಾನಾಂಬುಚಾವಡಿ ವೆಂಕಟಸುಬ್ಬಯ್ಯನವರ ಶಿಷ್ಯರು. ವೆಂಕಟಸುಬ್ಬಯ್ಯನವರಾದರೋ ಸಾಕ್ಷಾತ್ ತ್ಯಾಗರಾಜರ ಶಿಷ್ಯರು. ಹೀಗೆ ಕಾವೇರಿಯ ಮೇಲ್ದಂಡೆಯ ಸೀಮೆಯಿಂದ ಹೊರಟ ಹುಡುಗ ಅದೇ ನದಿಯ ಕೆಳದಂಡೆಯಲ್ಲಿ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದನು.

ಅವರ ಕೃತಿಗಳಲ್ಲಿ ಹೆಚ್ಚಿನವು ತೆಲುಗು ಹಾಗೂ ಸಂಸ್ಕೃತದಲ್ಲಿ ಏಕಿವೆ ಎಂಬ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇದೆ. ಆ ಪರಂಪರೆಯಲ್ಲಿ ಗುರುವು ಕಲಿಸುತ್ತಿದ್ದ ಕೃತಿಗಳ ಭಾಷೆ ಮುಖ್ಯವಾಗಿ ತೆಲುಗು. ಸ್ವರಾಂತವಾದ ಅದರ ಪದಗಳು ರಾಗದ ಎಳೆತಕ್ಕೆ ಸುಲಭವಾಗಿ ಒದಗುತ್ತವೆ. ಅಭೇರಿಯ ‘ಭಜರೇ ರೇ ಮಾನಸ’, ಹಿಂದೋಳದ ‘ಮಾಮವತು ಶ್ರೀ ಸರಸ್ವತೀ’ ಮುಂತಾದ ರಚನೆಗಳಲ್ಲಿ ಬಾಲ್ಯದ ಸಂಸ್ಕೃತಾಭ್ಯಾಸವು ಫಲ ನೀಡಿತು.

ಮೈಸೂರಿಗೆ ಹಿಂದಿರುಗಿ ಅವರು ಆಸ್ಥಾನ ವಿದ್ವಾಂಸರಾದರು. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮುತ್ತಯ್ಯ ಭಾಗವತರಂತಹವರು ಬೆಳಗಿದ ಆಸ್ಥಾನವದು. 1935ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಮ್ಮೇಳನಕ್ಕೆ ಆಚಾರ್ಯರು ಅಧ್ಯಕ್ಷರಾದರು. ಆಗಲೇ ಎಪ್ಪತ್ತರ ಪ್ರಾಯ. ಸಾಮಾನ್ಯರಾದರೆ ಅಲ್ಲಿಗೆ ವಿಶ್ರಾಂತಿ ಪಡೆಯುತ್ತಿದ್ದರು.

ಆಚಾರ್ಯರ ಹೊಸ ಉದ್ಯೋಗವು ಅದಾದ ಎಷ್ಟೋ ವರ್ಷಗಳ ಮೇಲೆ ಆರಂಭವಾಯಿತು. ರುಕ್ಮಿಣೀದೇವಿ ಅರುಂಡೇಲ್ ಅವರ ಆಹ್ವಾನವನ್ನು ಮನ್ನಿಸಿ, ಎಂಬತ್ತು ದಾಟಿದ ಮೇಲೆ ಅವರು ಅಡಯಾರಿನ ಕಲಾಕ್ಷೇತ್ರಕ್ಕೆ ಬಂದರು. ವಾಲ್ಮೀಕಿ ರಾಮಾಯಣವನ್ನು ಆರು ನೃತ್ಯನಾಟಕಗಳಾಗಿ ರಂಗಕ್ಕೆ ತರುವ ಸಂಕಲ್ಪಕ್ಕೆ ಸಂಗೀತ ಒದಗಿಸುವ ಹೊಣೆ ಅವರದಾಯಿತು. ಕೃತಿ ರಚನೆಗೂ ಈ ಕೆಲಸಕ್ಕೂ ಬಹಳ ಅಂತರವಿದೆ. ಕೃತಿಯನ್ನು ಗಾಯಕನು ತನ್ನ ಮನೋಧರ್ಮದಂತೆ ಬೆಳೆಸಬಹುದು. ನೃತ್ಯನಾಟಕದಲ್ಲಾದರೋ ಕಥೆಯು ಮುಂದೆ ಸಾಗಬೇಕು, ರಸ ಬದಲಾದಂತೆ ರಾಗವೂ ಬದಲಾಗಬೇಕು, ನರ್ತಕಿಯ ಹೆಜ್ಜೆಗೂ ಅಭಿನಯಕ್ಕೂ ಅವಕಾಶ ದೊರೆಯಬೇಕು. ಎಪ್ಪತ್ತು ವರ್ಷ ಕೃತಿಯ ಹಾದಿಯಲ್ಲಿ ನಡೆದವರು ಈ ಹೊಸ ಹಾದಿಯನ್ನು ಹಿಡಿದರು. 1955ರಲ್ಲಿ ‘ಸೀತಾ ಸ್ವಯಂವರ’ ರಂಗವೇರಿದಾಗ ಅವರಿಗೆ ತೊಂಬತ್ತು ವರ್ಷ! ನಾಲ್ಕು ನಾಟಕಗಳಿಗೆ ಅವರು ಸಂಗೀತ ರಚಿಸಿದರು. ಉಳಿದೆರಡನ್ನು ಮೊಮ್ಮಗ ಎಸ್. ರಾಜಾರಾಂ ಅವರು ಪೂರೈಸಿದರು. 1970ರಲ್ಲಿ ‘ಮಹಾಪಟ್ಟಾಭಿಷೇಕ’ದೊಡನೆ ಮಾಲೆಯು ಸಂಪೂರ್ಣವಾಯಿತು.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದುಗೂಡಿದಾಗ ಆಚಾರ್ಯರಿಗೆ 91 ವರ್ಷ. ಅವರ ಕಾರ್ಯಕ್ಷೇತ್ರವು ಮದ್ರಾಸು. 1959ರಲ್ಲಿ ಭಾರತ ಸರ್ಕಾರವು ಪದ್ಮಭೂಷಣವನ್ನಿತ್ತು ಗೌರವಿಸಿತು. 1961ರ ಮೇ ತಿಂಗಳಿನಲ್ಲಿ, ತೊಂಬತ್ತಾರು ತುಂಬಲು ಕೆಲವೇ ದಿನಗಳಿರುವಾಗ, ಅವರು ಕಾಲವಶರಾದರು.

ಕನ್ನಡದಲ್ಲಿ ಹೆಚ್ಚಾಗಿ ಹಾಡು ಕಟ್ಟದ ಇವರನ್ನು ಕನ್ನಡದ ಹಬ್ಬದಲ್ಲಿ ಏಕೆ ನೆನೆಯಬೇಕೆಂದು ಯಾರಾದರೂ ಕೇಳಬಹುದು. ತಾವು ಕಂಡ ವಿದ್ವಾಂಸರನ್ನು, ಅವರ ಗಾನವನ್ನು, ಅವರ ಗುಣಸ್ವಭಾವಗಳನ್ನು ಮುಂದಿನವರಿಗೆ ಹೇಳಬೇಕೆನಿಸಿದಾಗ ಆಚಾರ್ಯರು ಆರಿಸಿಕೊಂಡ ನುಡಿ ಕನ್ನಡ. ‘ನಾ ಕಂಡ ಕಲಾವಿದರು’ ಮತ್ತು ‘ನೆನಪುಗಳು’ ಎಂಬ ಅವರ ಪುಸ್ತಕಗಳು ಇದಕ್ಕೆ ಸಾಕ್ಷಿ. ವಿದ್ಯೆಗಾಗಿ ತೆಲುಗನ್ನು ಒಲಿಸಿಕೊಂಡರು, ಉದ್ಯೋಗಕ್ಕಾಗಿ ತಮಿಳು ನಾಡಿಗೆ ಬಂದರು; ನೆನಪುಗಳನ್ನು ಮಾತ್ರ ತಾಯ್ನುಡಿಯಲ್ಲಿಯೇ ಇರಿಸಿದರು.

ನಮ್ಮ ಸ್ಥಿತಿಯೂ ಇದೇ ಅಲ್ಲವೇ? ಕಚೇರಿಯಲ್ಲಿ ಇಂಗ್ಲಿಷು, ಅಂಗಡಿಬೀದಿಯಲ್ಲಿ ತಮಿಳು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಅಜ್ಜ ಅಜ್ಜಿಯರ ಊರು ಕೇರಿಗಳ ಕಥೆಯನ್ನು ಮಕ್ಕಳಿಗೆ ಯಾವ ನುಡಿಯಲ್ಲಿ ಹೇಳುತ್ತಿದ್ದೇವೆ? ಈ ರಾಜ್ಯೋತ್ಸವದಂದು ಮನೆಯಲ್ಲಿ ‘ಬ್ರೋಚೇವಾರೆವರುರಾ’ ಕೇಳಿಬಂದರೆ, ಅದನ್ನು ರಚಿಸಿದವರ ಕಥೆಯನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳೋಣ. ಸಂಘದ ಹಿರಿಯರೂ ತಮ್ಮ ನೆನಪುಗಳನ್ನು ನಾಲ್ಕು ಪುಟಗಳಲ್ಲಿ ಬರೆದಿಡಲಿ.