‘ಬೇಟೆ’ಯಿಂದ ‘ಕೂರ್ಮಾವತಾರ’ಕ್ಕೆ: ಕೊಟ್ಟೂರು ಸೀಮೆಯ ಕಥೆಗಳು ತೆರೆಗೆ ಬಂದ ಬಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಯಾವ ಹಳ್ಳಿಗೆ ಹೋದರೂ ಒಬ್ಬ ಕೊಟ್ರೇಶ, ಒಬ್ಬ ಕೊಟ್ರಮ್ಮ, ಒಬ್ಬ ಕೊಟ್ರಬಸಪ್ಪ ಸಿಕ್ಕೇ ಸಿಗುತ್ತಾರೆ. ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ಹೆಸರನ್ನು ಮಕ್ಕಳಿಗೆ ಇಡುವುದು ಇಲ್ಲಿ ತಲೆಮಾರುಗಳಿಂದ ಬಂದ ರೂಢಿ. ಆ ಹೆಸರು 1994ರಲ್ಲಿ ಒಂದು ಸಿನಿಮಾದ ಶೀರ್ಷಿಕೆಯಾಯಿತು. ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶಿಸಿದ ‘ಕೊಟ್ರೇಶಿ ಕನಸು’ ಹುಟ್ಟಿದ್ದು ಕೊಟ್ಟೂರಿನವರೇ ಆದ ಕುಂ. ವೀರಭದ್ರಪ್ಪನವರ (ಕುಂವೀ) ಸಣ್ಣಕಥೆಯಿಂದ.

ಈ ಸೀಮೆಯಲ್ಲಿ ಸ್ಟುಡಿಯೋ ಇರಲಿಲ್ಲ, ಚಿತ್ರ ನಿರ್ಮಾಣದ ಪರಂಪರೆಯೂ ಇರಲಿಲ್ಲ. ಹಿರೇಹಡಗಲಿ ಎಂದರೆ ಇತಿಹಾಸ ಓದಿದವರಿಗೆ ನೆನಪಾಗುವುದು ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನ. ಹಡಗಲಿ ಎಂದರೆ ಮೈಲಾರದ ಕಾರ್ಣಿಕ, ಮಲ್ಲಿಗೆ, ಎಂ.ಪಿ. ಪ್ರಕಾಶರ ರಂಗಭಾರತಿ. ನಾಟಕವೇ ಇಲ್ಲಿನವರ ಗೀಳು. ಸಿನಿಮಾಕ್ಕೆ ಈ ನೆಲ ಕೊಟ್ಟದ್ದು ಕಥೆಯನ್ನು, ಅದನ್ನೂ ಬಹುಪಾಲು ಒಬ್ಬನೇ ಲೇಖಕನ ಕೈಯಿಂದ.

ಕುಂವೀ ಹುಟ್ಟಿದ್ದು 1953ರ ಅಕ್ಟೋಬರ್ 1ರಂದು. ಮದರಾಸು ರಾಜ್ಯದಲ್ಲಿದ್ದ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೊದಲಾದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು ಮೈಸೂರಿಗೆ ಸೇರಿದ್ದೂ ಅದೇ ದಿನ. ಮುಂದೆ ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾಗಿ ದುಡಿದ ಅವರ ಬರವಣಿಗೆಯಲ್ಲಿ ತೆಲುಗು, ಉರ್ದು, ಬಳ್ಳಾರಿ ಕನ್ನಡ ಒಂದರೊಳಗೊಂದು ಹೆಣೆದುಕೊಂಡಿವೆ. ಕಟ್ಟೆಯ ಮೇಲೆ ಕೂತ ಹಿರಿಯನೊಬ್ಬ ಉಸಿರು ತೆಗೆದುಕೊಳ್ಳದೆ ಊರಿನ ಸುದ್ದಿ ಹೇಳುವ ಹಾಗೆ ವಾಕ್ಯಗಳು ಹರಿಯುತ್ತವೆ. ಸಿನಿಮಾಕ್ಕೆ ಮೊದಲು ಸವಾಲಾಗುವುದು ಈ ದನಿಯೇ. ಘಟನೆಯನ್ನು ಚಿತ್ರೀಕರಿಸಬಹುದು, ಪಾತ್ರಕ್ಕೆ ನಟ ಸಿಗುತ್ತಾನೆ. ಆದರೆ ಕಥೆ ಹೇಳುತ್ತಿರುವವನನ್ನು ಎಲ್ಲಿ ಕೂರಿಸುವುದು?

ಕನ್ನಡ ಚಿತ್ರರಂಗ ಸಾಹಿತ್ಯದತ್ತ ಕೈಚಾಚಿದ್ದು ಬಹಳ ಹಿಂದೆಯೇ. ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಆಗಿ ತೆರೆಗೆ ಬಂದ ಮೇಲೆ ಕಾದಂಬರಿಗಳಿಗೆ ಗಾಂಧಿನಗರದಲ್ಲಿ ಬೇಡಿಕೆ ಹುಟ್ಟಿತು. 1970ರ ‘ಸಂಸ್ಕಾರ’ ಇನ್ನೊಂದು ದಾರಿ ತೆರೆಯಿತು. ಎರಡು ದಾರಿಗಳ ನಡುವಿನ ಜಗಳ ಜೋರಾಗಿ ಕೇಳಿಸಿದ್ದು ಕೂಡ್ಲಿಗಿಯ ಪಕ್ಕದ ಚಿತ್ರದುರ್ಗದಲ್ಲಿ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದರು. ಚಿತ್ರ ಭರ್ಜರಿಯಾಗಿ ಓಡಿತು. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ಲೇಖಕರು ನೊಂದುಕೊಂಡರೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಪ್ರೇಕ್ಷಕ ಮೆಚ್ಚಿದ್ದೂ ನಿಜ, ಲೇಖಕ ನೊಂದದ್ದೂ ನಿಜ ಎಂದಾದರೆ, ಗೆಲುವನ್ನು ಅಳೆಯುವುದು ಗಲ್ಲಾಪೆಟ್ಟಿಗೆಯಿಂದಲೇ ಅಥವಾ ಪುಸ್ತಕದಿಂದಲೇ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಕೊಟ್ಟೂರಿನ ಕಥೆಗಾರನಿಗೂ ಇದು ತಪ್ಪಲಿಲ್ಲ. ಅವರ ಕಾದಂಬರಿ ‘ಬೇಟೆ’ 1987ರಲ್ಲಿ ತೆರೆಗೆ ಬಂದಾಗ ಅದರ ಹೆಸರು ‘ಮನಮೆಚ್ಚಿದ ಹುಡುಗಿ’. ನಿರ್ದೇಶನ ಎಂ.ಎಸ್. ರಾಜಶೇಖರ್ ಅವರದು, ನಾಯಕ ಶಿವರಾಜ್‌ಕುಮಾರ್, ನಾಯಕಿ ಸುಧಾರಾಣಿ. ‘ಆನಂದ್’, ‘ರಥಸಪ್ತಮಿ’ಗಳ ಬೆನ್ನಿಗೇ ಗೆದ್ದ ಈ ಮೂರನೆಯ ಚಿತ್ರದಿಂದಲೇ ಶಿವರಾಜ್‌ಕುಮಾರ್‌ಗೆ ಹ್ಯಾಟ್ರಿಕ್ ಹೀರೋ ಎಂಬ ಬಿರುದು ಅಂಟಿತು. ಊರೂರಿನ ಟೆಂಟುಗಳಲ್ಲಿ ಕೂತ ಪ್ರೇಕ್ಷಕರಿಗೆ ಹಾಡು ಬೇಕಿತ್ತು, ಹೊಸ ನಾಯಕ ಬೇಕಿದ್ದ, ಎರಡೂ ಸಿಕ್ಕವು. ಕಾದಂಬರಿಗೆ ಸಿಕ್ಕಿದ್ದು ಕಡಿಮೆ. ತಾರೆಯ ಸುತ್ತ ಕಟ್ಟಿದ ಚಿತ್ರದಲ್ಲಿ ಊರು ಹಿನ್ನೆಲೆಗೆ ಸರಿಯುತ್ತದೆ. ಕುಂವೀ ಬರವಣಿಗೆಯಲ್ಲಾದರೋ ಊರೇ ಮುಖ್ಯ ಪಾತ್ರ.

‘ಕೊಟ್ರೇಶಿ ಕನಸು’ ಹಿಡಿದದ್ದು ಬೇರೆ ದಾರಿ. ಓದುವ ಹಂಬಲದ ದಲಿತ ಹುಡುಗ, ಅವನ ಬಡ ತಂದೆತಾಯಿ, ಅದನ್ನು ಸಹಿಸದ ಊರು: ಕಥೆಯ ಎಳೆ ಇಷ್ಟೇ. ಹುಡುಗನಾಗಿ ವಿಜಯ ರಾಘವೇಂದ್ರ, ಜೊತೆಗೆ ಕರಿಬಸವಯ್ಯ, ಉಮಾಶ್ರೀ. ಕನ್ನಡದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ವಿಜಯ ರಾಘವೇಂದ್ರ ಅತ್ಯುತ್ತಮ ಬಾಲನಟನಾದರು. ನಾಗತಿಹಳ್ಳಿ ಸ್ವತಃ ಕಥೆಗಾರರು. ಸಣ್ಣಕಥೆಯ ಬಲ ಇರುವುದು ಬರೆಯದೆ ಬಿಟ್ಟ ಜಾಗಗಳಲ್ಲಿ ಎಂಬುದು ಅವರಿಗೆ ಗೊತ್ತಿತ್ತು. ಇನ್ನೂರು ಮುನ್ನೂರು ಪುಟದ ಕಾದಂಬರಿಯನ್ನು ಎರಡೂವರೆ ಗಂಟೆಗೆ ಇಳಿಸಬೇಕಾದವನು ಕತ್ತರಿ ಹಿಡಿಯಲೇಬೇಕು. ಸಣ್ಣಕಥೆಯನ್ನು ಕೈಗೆತ್ತಿಕೊಂಡವನಿಗೆ ಕತ್ತರಿಸುವ ಕೆಲಸವಿಲ್ಲ, ಬೆಳೆಸುವ ಕೆಲಸ. ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’, ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ ಗಿರೀಶ ಕಾಸರವಳ್ಳಿಯವರ ಕೈಯಲ್ಲಿ ಸ್ವರ್ಣಕಮಲದವರೆಗೆ ಬೆಳೆದದ್ದೂ ಹೀಗೆಯೇ.

ಆದರೆ ಪ್ರಶಸ್ತಿ ಬಂದ ಚಿತ್ರಗಳು ತಾಲ್ಲೂಕು ಊರಿನ ಟಾಕೀಸಿಗೆ ಬರುವುದು ಅಪರೂಪ. ಬಹಳ ಕಾಲ ಹಳ್ಳಿಯ ಜನ ಅಂಥ ಚಿತ್ರಗಳನ್ನು ನೋಡಿದ್ದು ಭಾನುವಾರ ಮಧ್ಯಾಹ್ನದ ದೂರದರ್ಶನದಲ್ಲಿ. ತಮ್ಮ ಕಥೆ ದಿಲ್ಲಿಯಲ್ಲಿ ಮನ್ನಣೆ ಪಡೆದು ತಮ್ಮ ಊರಿನ ಪರದೆಗೇ ಬಾರದಿರುವುದು ಈ ಬಗೆಯ ಸಿನಿಮಾದ ದೊಡ್ಡ ಸೋಲು. ಅದರ ಹೊಣೆ ನಿರ್ದೇಶಕರಿಗಿಂತ ಹಂಚಿಕೆಯ ವ್ಯವಸ್ಥೆಯದು.

2011ರಲ್ಲಿ ಕಾಸರವಳ್ಳಿ ಕುಂವೀಯವರ ‘ಕೂರ್ಮಾವತಾರ’ ಕಥೆಗೆ ಕೈಹಾಕಿದರು. ನಿವೃತ್ತಿಯ ಅಂಚಿನಲ್ಲಿರುವ ಸರ್ಕಾರಿ ನೌಕರ ಆನಂದರಾಯ ನೋಡಲು ಗಾಂಧಿಯಂತಿದ್ದಾನೆ. ಅದೊಂದೇ ಕಾರಣಕ್ಕೆ ಟಿ.ವಿ. ಧಾರಾವಾಹಿಯ ಗಾಂಧಿಯಾಗುತ್ತಾನೆ. ಜನ ನಟನಲ್ಲಿ ಮಹಾತ್ಮನನ್ನೇ ಹುಡುಕತೊಡಗುತ್ತಾರೆ, ಪಾತ್ರ ಅವನ ಬದುಕನ್ನೇ ಕೆಣಕತೊಡಗುತ್ತದೆ. ಶಿಕಾರಿಪುರ ಕೃಷ್ಣಮೂರ್ತಿ ಆ ಇಕ್ಕಟ್ಟನ್ನು ಮುಖದಲ್ಲೇ ತೋರಿಸಿದರು. ಇದಕ್ಕೂ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಸಂದಿತು. ಕುಂವೀ ಗದ್ಯದ ಗದ್ದಲ ಇಲ್ಲಿಲ್ಲ; ಕಾಸರವಳ್ಳಿಯವರ ಸಾವಧಾನವಿದೆ. ಲೇಖಕನ ದನಿಯನ್ನು ಅನುಕರಿಸಲು ಹೋಗದೆ, ಅವನು ಎತ್ತಿದ ಪ್ರಶ್ನೆಯನ್ನು ತನ್ನದೇ ದನಿಯಲ್ಲಿ ಮತ್ತೆ ಕೇಳಿದ್ದರಿಂದಲೇ ಇದು ಮೂರರಲ್ಲಿ ಅತ್ಯಂತ ಗಟ್ಟಿಯಾದ ಚಿತ್ರ. ಇದಕ್ಕೆ ಸ್ವಲ್ಪ ಮೊದಲು ಅವರು ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯನ್ನು ‘ಕನಸೆಂಬೋ ಕುದುರೆಯನೇರಿ’ಯಾಗಿಸಿದ್ದರು. ಕುಣಿ ತೋಡುವ ಈರ್ಯಾನಾಗಿ ವೈಜನಾಥ ಬಿರಾದಾರ, ಅವನ ಹೆಂಡತಿಯಾಗಿ ಉಮಾಶ್ರೀ ನಟಿಸಿದ್ದ ಆ ಚಿತ್ರದಲ್ಲಿ ಉತ್ತರ ಕರ್ನಾಟಕದ ಮಾತಿಗೆ ಅದರ ಮೈಕಟ್ಟು ಸಿಕ್ಕಿತ್ತು. ‘ಕೂರ್ಮಾವತಾರ’ ನಗರದ ಕಥೆಯಾದ್ದರಿಂದ ಆ ಮಾತಿನ ಹಂಗು ಅದಕ್ಕೆ ಬೀಳಲಿಲ್ಲ.

ಹಾಗಾಗಿ ಅಸಲಿ ಪರೀಕ್ಷೆ ಇನ್ನೂ ಬಾಕಿ ಇದೆ. 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕುಂವೀಯವರ ‘ಅರಮನೆ’ ಕಾದಂಬರಿಯಲ್ಲಿ ದತ್ತಮಂಡಲದ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಇದ್ದಾನೆ, ಪಾಳೆಗಾರಿಕೆಯ ಪಳೆಯುಳಿಕೆಗಳಿವೆ, ದೇವರು ಮೈಮೇಲೆ ಬರುವ ಜನರಿದ್ದಾರೆ. ಇದು ಎರಡು ಗಂಟೆಯ ಚಿತ್ರಕ್ಕೆ ಒಗ್ಗುವುದಲ್ಲ. ಕಂತುಕಂತಾಗಿ ಹೇಳುವ ವೆಬ್ ಸರಣಿಗೆ ಹೇಳಿ ಮಾಡಿಸಿದ ಸರಕು. ಯಾರಾದರೂ ಕೈಹಾಕುವುದಾದರೆ ಸಂಭಾಷಣೆಯನ್ನು ಬೆಂಗಳೂರಿನಲ್ಲಿ ಬರೆಸಿ ಇಲ್ಲಿನ ನೆಲದಲ್ಲಿ ಕ್ಯಾಮೆರಾ ಇಟ್ಟರೆ ಸಾಲದು. ಮರಿಯಮ್ಮನಹಳ್ಳಿಯಲ್ಲಿ, ಹಡಗಲಿಯಲ್ಲಿ ನಾಟಕ ಆಡುತ್ತಲೇ ಬೆಳೆದ ಕಲಾವಿದರಿದ್ದಾರೆ. ಆ ವಾಕ್ಯಗಳನ್ನು ಉಸಿರು ಕಟ್ಟದೆ ಆಡಬಲ್ಲವರು ಅವರೇ.