ಬಳ್ಳಿಗಾವಿಯ ಸೀಮೆಯ ವೀರಗಲ್ಲುಗಳು

ಶಿರಾಳಕೊಪ್ಪದ ಸಮೀಪದಲ್ಲಿರುವ ಬಳ್ಳಿಗಾವಿಗೆ ಹೋದವರು ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳನ್ನೂ, 1047ರಲ್ಲಿ ಚಾಮುಂಡರಾಯರಸನು ನಿಲ್ಲಿಸಿದ ಗಂಡಭೇರುಂಡ ಸ್ತಂಭವನ್ನೂ ಕಂಡು ವಿಸ್ಮಿತರಾಗಿ ಹಿಂದಿರುಗುವುದು ವಾಡಿಕೆ. ಕೇದಾರೇಶ್ವರನ ಆವರಣದಲ್ಲಿ ನಿಂತಿರುವ ವೀರಗಲ್ಲುಗಳ ಮುಂದೆ ಕ್ಷಣಕಾಲ ನಿಲ್ಲುವವರು ವಿರಳ. ಯುದ್ಧದಲ್ಲಿ ಮಡಿದ ಸಾಮಾನ್ಯರಿಗೆ ಪಾಶ್ಚಾತ್ಯರು ಕಟ್ಟಿದಂತಹ ಸ್ಮಶಾನಗಳು ನಮ್ಮ ಹಳ್ಳಿಗಳಲ್ಲಿ ಇಲ್ಲವಲ್ಲ ಎಂದು ಕೊರಗುವವರೂ ಉಂಟು. ಆ ಕೊರಗಿಗೆ ಉತ್ತರವು ಈ ಕಲ್ಲುಗಳಲ್ಲಿಯೇ ಇದೆ.

ವೀರಗಲ್ಲು ಗೋರಿಯಲ್ಲ, ಮಡಿದವನ ಹೆಸರನ್ನು ಉಳಿಸಲು ನಿಲ್ಲಿಸಿದ ಸ್ಮಾರಕ. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾದಾಟ, ನಡುವಿನದರಲ್ಲಿ ವೀರನನ್ನು ಅಪ್ಸರೆಯರು ಸ್ವರ್ಗಕ್ಕೆ ಕೊಂಡೊಯ್ಯುವ ನೋಟ, ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತಿರುವನು. ಜೈನ ವೀರನಾದರೆ ಲಿಂಗದ ಸ್ಥಾನದಲ್ಲಿ ಜಿನಬಿಂಬ. ತುದಿಯಲ್ಲಿ ಸೂರ್ಯಚಂದ್ರರು, ಅವರಿರುವವರೆಗೂ ಈ ಕೀರ್ತಿ ಇರಲಿ ಎಂಬುದು ಅಭಿಪ್ರಾಯ. ಪಟ್ಟಿಕೆಗಳ ನಡುವಣ ಅಂಚಿನಲ್ಲಿ ಶಾಸನವಿರುವುದುಂಟು.

ಆ ಶಾಸನದಲ್ಲಿ ಮೊದಲು ಆಳುವ ಅರಸನ ಹೆಸರು, ಬಳಿಕ ಕಾಲ, ಕೊನೆಗೆ ಸತ್ತವನ ವಿಷಯ. ಅವನು ಗಾವುಂಡನ ಮಗನಿರಬಹುದು, ಬೇಡನಿರಬಹುದು, ಯಾರದೋ ಮನೆಯ ಆಳಾಗಿರಬಹುದು. ಹಲವರು ಅರಸರ ದಂಡಿನಲ್ಲಿ ಮಡಿದವರು. ಮತ್ತೆ ಹಲವರು ಊರ ಬಾಗಿಲಲ್ಲೇ ಬಿದ್ದವರು. ಶತ್ರುಗಳು ದನಗಳನ್ನು ಅಟ್ಟಿಕೊಂಡು ಹೋಗುವುದು ತುರುಗೋಳ್; ಊರನ್ನು ಹಾಳುಮಾಡುವುದು ಊರಳಿವು; ಹೆಂಗಸರ ಮೇಲೆ ಕೈಮಾಡಿದಾಗ ಏಳುವ ಕೂಗು ಪೆಣ್ಬುಯ್ಯಲ್. ಈ ಮೂರು ಮಾತುಗಳಲ್ಲಿ ಅಂದಿನ ಹಳ್ಳಿಯ ಭಯವೆಲ್ಲ ಅಡಗಿದೆ. ಬೇಸಾಯದವನಿಗೆ ದನವೇ ಬದುಕು. ಅದು ಹೋದರೆ ಉಳುಮೆಯಿಲ್ಲ, ಉಳುಮೆಯಿಲ್ಲದಿದ್ದರೆ ಅನ್ನವಿಲ್ಲ.

ಬಳ್ಳಿಗಾವಿ ಬನವಾಸಿ 12000ದ ರಾಜಧಾನಿಯಾಗಿತ್ತು. ಕಲ್ಯಾಣದ ಚಾಲುಕ್ಯರಿಂದ ಕಳಚುರಿಗಳಿಗೆ, ಬಳಿಕ ಹೊಯ್ಸಳರಿಗೆ, 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರಿಗೆ ಈ ನಾಡು ಕೈಬದಲಾಯಿಸಿತು. 1162ರ ಶಾಸನವು ಇಲ್ಲಿಯ ಕೋಡಿಯ ಮಠದಲ್ಲಿ ವಿದ್ಯಾದಾನ, ಅನ್ನದಾನ, ರೋಗಿಗಳ ಚಿಕಿತ್ಸೆಗಳು ನಡೆಯುತ್ತಿದ್ದುದನ್ನು ವರ್ಣಿಸುತ್ತದೆ. ಆದರೆ ಸಿಂಹಾಸನದ ಬದಲಾವಣೆಗಳ ನಡುವೆ ಇಂತಹ ನಗರಕ್ಕೆ ಅನ್ನವನ್ನು ಬೆಳೆದ ಸುತ್ತಣ ಹಳ್ಳಿಗಳನ್ನು ಕಾದವರು ಯಾರೆಂಬುದನ್ನು ವೀರಗಲ್ಲುಗಳೇ ಹೇಳಬೇಕು. ಅಷ್ಟೇ ಅಲ್ಲ, ಯಾವ ವರ್ಷ ಯಾವ ಅರಸನ ಆಣತಿ ಯಾವ ಹಳ್ಳಿಯವರೆಗೆ ನಡೆಯುತ್ತಿತ್ತು ಎಂಬುದನ್ನು ನಿಶ್ಚಯಿಸಲು ಚರಿತ್ರಕಾರನು ಎಷ್ಟೋ ಬಾರಿ ಒಬ್ಬ ಹಳ್ಳಿಗನ ಮರಣದ ತೇದಿಯನ್ನೇ ಆಶ್ರಯಿಸುತ್ತಾನೆ. ಬಿ. ಎಲ್. ರೈಸ್ ಮಹಾಶಯರು ಶಿಕಾರಿಪುರದ ಶಾಸನಗಳನ್ನು 1902ರಲ್ಲಿಯೂ ಸೊರಬದವನ್ನು 1904ರಲ್ಲಿಯೂ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಪ್ರಕಟಿಸಿದ ಮೇಲೆ ಈ ಸತ್ಯ ಎಲ್ಲರಿಗೂ ವೇದ್ಯವಾಯಿತು. ರಾಜರ ಚರಿತ್ರೆಯು ಪ್ರಜೆಗಳ ಸಾವಿನ ಮೇಲೆ ಬರೆಯಲ್ಪಟ್ಟಿದೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಯೂರೋಪಿನಲ್ಲಿ 1815ರ ವಾಟರ್‌ಲೂ ಕದನದ ಸಾಮಾನ್ಯ ಸಿಪಾಯಿಗಳು ಹೆಸರಿಲ್ಲದ ಗುಂಡಿಗಳಲ್ಲಿ ಹೂಳಲ್ಪಟ್ಟರು. ಅಧಿಕಾರಿಗೂ ಸಿಪಾಯಿಗೂ ಒಂದೇ ಬಗೆಯ ಕಲ್ಲಿರತಕ್ಕದ್ದೆಂಬ ನಿಯಮವನ್ನು ಬ್ರಿಟಿಷರು ಅನುಸರಿಸಿದ್ದು 1917ರಲ್ಲಿ ಅವರ ಯುದ್ಧಸಮಾಧಿ ಆಯೋಗ ಹುಟ್ಟಿದ ಮೇಲೆಯೇ. ನಮ್ಮ ಮಲೆನಾಡಿನ ಅಂಚಿನ ಹಳ್ಳಿಗಳು ಸಾವಿರ ವರ್ಷಗಳ ಹಿಂದೆಯೇ ಒಬ್ಬ ಆಳಿನ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿಸಿದ್ದವು.

ಇದನ್ನು ಹೇಳುವಾಗ ಹೆಮ್ಮೆಯೊಂದೇ ಸಾಲದು. ಕಲ್ಲಿನ ಮೇಲೆ ಅಪ್ಸರೆಯರುಂಟು; ಮನೆಯಲ್ಲಿ ಉಳಿದ ತಾಯಿಯ ಅಳು ಅಲ್ಲಿಲ್ಲ. ಬಳೆ ತೊಟ್ಟು ಮೇಲೆತ್ತಿದ ಕೈಯುಳ್ಳ ಮಾಸ್ತಿಕಲ್ಲನ್ನು ಕಂಡಾಗ, ಒಬ್ಬನ ಶೌರ್ಯದ ಬೆಲೆಯನ್ನು ಮತ್ತೊಬ್ಬಳು ಬೆಂಕಿಯಲ್ಲಿ ತೆತ್ತಳೆಂಬುದನ್ನು ಮರೆಯಲಾಗದು. ದನಗಳನ್ನು ಹೊಡೆದೊಯ್ಯಲು ಬಂದವರೂ ಯಾವುದೋ ಊರಿನ ಮಕ್ಕಳೇ ಆಗಿದ್ದರು.

ಹಳ್ಳಿಯು ತನ್ನ ಋಣವನ್ನು ಹೊಗಳಿಕೆಯಿಂದಷ್ಟೇ ತೀರಿಸಲಿಲ್ಲ. ಮಡಿದವನ ಕುಟುಂಬಕ್ಕೆ ಭೂಮಿಯನ್ನು ಬಿಡುತ್ತಿದ್ದರು. ನೆತ್ತರುಗೊಡಗೆ, ಕಲ್ನಾಡು ಎಂಬ ಹೆಸರುಗಳು ಅದರವು. ಸುಮಾರು 5ನೆಯ ಶತಮಾನದ ಹಲ್ಮಿಡಿ ಶಾಸನದಲ್ಲಿಯೇ ವೀರನಿಗೆ ಕೊಟ್ಟ ಬಾಳ್ಗಳ್ಚು ದತ್ತಿಯ ಮಾತು ಬರುತ್ತದೆ. ಆದುದರಿಂದ ಎಷ್ಟೋ ವೀರಗಲ್ಲುಗಳು ಸ್ಮಾರಕವೂ ಹೌದು, ದಾನಪತ್ರವೂ ಹೌದು. ಅಂತಹ ಕಲ್ಲು ನಿಂತ ನೆಲವೂ ಅದರ ಅರ್ಥದಲ್ಲಿ ಒಂದು ಪಾಲು.

ಇಲ್ಲಿಯೇ ನಾವು ಯೋಚಿಸಬೇಕಾದ ವಿಷಯವಿರುವುದು. ತಕ್ಕೋಲದ ಕದನವನ್ನು (949) ನೆನೆಯುವ, ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗೆ ನಿಲ್ಲಿಸಿದ ಆತಕೂರಿನ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿ ಸುರಕ್ಷಿತವಾಯಿತು. ಆದರೆ ಆತಕೂರಿನ ಮಕ್ಕಳು ಅದನ್ನು ತಮ್ಮೂರಿನಲ್ಲಿ ಕಾಣಲಾರರು. ಹೊಲದ ಬದುವಿನಲ್ಲಿ ಬಿದ್ದ ಕಲ್ಲು ಬಟ್ಟೆ ಒಗೆಯುವ ಬಂಡೆಯೋ ಕಾಲುವೆಯ ಹಾಸುಗಲ್ಲೋ ಆದರಂತೂ ಋಣಪತ್ರವೇ ಹರಿದುಹೋದಂತೆ. ಅಪಾಯವಿದ್ದಲ್ಲಿ ಸ್ಥಳಾಂತರವು ಅನಿವಾರ್ಯವಿರಬಹುದು. ಆಗಲೂ ಕಲ್ಲು ಯಾವ ಊರಿನ ಯಾವ ಹೊಲದಲ್ಲಿತ್ತೆಂಬುದನ್ನು ಬರೆದಿಡತಕ್ಕದ್ದು. ಅಪಾಯವಿಲ್ಲದಲ್ಲಿ ಅದು ನಿಂತಲ್ಲೇ ನಿಲ್ಲಲಿ.

ಶಿಕಾರಿಪುರ, ಸೊರಬ ತಾಲ್ಲೂಕುಗಳ ವಾಚಕರು ತಮ್ಮ ಊರಿನ ಕೆರೆಯ ಏರಿಯ ಮೇಲೋ ಗುಡಿಯ ಮಗ್ಗುಲಲ್ಲೋ ಇರುವ ಒಂದು ವೀರಗಲ್ಲಿನ ಬಳಿಗೆ ಮಕ್ಕಳನ್ನು ಕರೆದೊಯ್ದು, ಪಾಚಿಯನ್ನು ಮೆಲ್ಲನೆ ಒರೆಸಿ, ಅಲ್ಲಿರುವ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿಸಲಿ. ಯಾರಿಗಾಗಿ ಅವನು ಸತ್ತನೋ ಆ ಊರಿನವರ ಬಾಯಲ್ಲಿ ಅವನ ಹೆಸರು ಬರಲೆಂದೇ ಅಲ್ಲವೇ ಆ ಕಲ್ಲನ್ನು ನಿಲ್ಲಿಸಿದ್ದು?