ಗಿರಾಕಿಯೂ ಬಳಸುವವನೂ

ಬ್ಯಾಂಕಿನಿಂದ ಹಣ ತೆಗೆಯಲು, ರೈಲಿನ ಟಿಕೆಟು ಕೊಳ್ಳಲು ಇಂದು ನಾವು ಒಂದಲ್ಲ ಒಂದು ತೆರೆಯ ಮುಂದೆ ಕೈಯಾಡಿಸಲೇಬೇಕು. ಕೆಲವು ತೆರೆಗಳು ಕೇಳುವ ಮೊದಲೇ ದಾರಿ ತೋರಿಸುತ್ತವೆ. ಕೆಲವು ನಮ್ಮನ್ನು ದಡ್ಡರನ್ನಾಗಿ ಮಾಡಿ ಕೂಡಿಸುತ್ತವೆ. ಈ ಭೇದದ ಹಿಂದೆ ಒಂದು ಹಳೆಯ ಜಗಳವಿದೆ.

ಸಾಫ್ಟ್‌ವೇರ್ ಮಾಡುವವರು ಬಹುಕಾಲ ಮನೆ ಕಟ್ಟುವವರ ಕ್ರಮವನ್ನೇ ಹಿಡಿದಿದ್ದರು. ಮೊದಲು ಬೇಕುಗಳ ಪಟ್ಟಿ, ಆಮೇಲೆ ನಕ್ಷೆ, ಆಮೇಲೆ ಕಟ್ಟಡ, ಕಡೆಗೆ ಪರೀಕ್ಷೆ. ಇದಕ್ಕೆ ‘ಜಲಪಾತ ಪದ್ಧತಿ’ ಎಂದು ಹೆಸರು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಬರೆದ ಲೇಖನವೇ ಇದಕ್ಕೆ ಮೂಲವೆಂದು ಹೇಳುವುದು ವಾಡಿಕೆ. ವಿನೋದವೆಂದರೆ, ಈ ಕ್ರಮವನ್ನು ಚಿತ್ರಿಸಿ ತೋರಿಸಿದ ರಾಯ್ಸ್ ಅದು ಅಪಾಯಕರವೆಂದು ಅಲ್ಲಿಯೇ ಎಚ್ಚರಿಸಿದ್ದರು. ಜಲಪಾತವೆಂಬ ಮಾತನ್ನು ಬಳಸಿಯೂ ಇರಲಿಲ್ಲ. ಚಿತ್ರ ನೋಡಿದವರು ಹೆಚ್ಚು, ಕೆಳಗಿನ ಸಾಲು ಓದಿದವರು ಕಡಮೆ.

ನಕ್ಷೆ ಮುಗಿಯುವ ಹೊತ್ತಿಗೆ ಬೇಕಾದುದೇ ಬದಲಾಗಿರುತ್ತಿತ್ತು. ಇದರಿಂದ ಬೇಸತ್ತ 17 ಮಂದಿ 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ಪ್ರಾಂತದ ಸ್ನೋಬರ್ಡ್ ಎಂಬ ಗಿರಿಧಾಮದಲ್ಲಿ ಕಲೆತು ಒಂದು ಘೋಷಣೆಯನ್ನು ಹೊರಡಿಸಿದರು. ಕೆಲವೇ ವಾರಗಳಿಗೊಮ್ಮೆ ನಡೆಯುವ ವಸ್ತುವೊಂದನ್ನು ಕೈಗೆ ಕೊಡಬೇಕು, ಬದಲಾವಣೆಗೆ ಅಂಜಬಾರದು ಎಂಬುದು ಅದರ ತಿರುಳು. ಇದೇ ಅಜೈಲ್, ಅಂದರೆ ಚುರುಕಿನ ವಿಧಾನ. ಘೋಷಣೆಯೇನೋ ಸೊಗಸಾಗಿದೆ. ಆದರೆ ಪದ ಎಣಿಸುವುದು ಭಾಷೆ ಕಲಿಸುವವರ ಚಾಳಿ. ಅದರ 12 ಸೂತ್ರಗಳಲ್ಲಿ ‘ಗಿರಾಕಿ’ ಎರಡು ಸಲ ಬರುತ್ತಾನೆ. ‘ಬಳಸುವವರು’ ಒಂದೇ ಸಲ, ಅದೂ ಎಲ್ಲರೂ ಒಂದೇ ಹದದ ವೇಗವನ್ನು ಕಾಯ್ದುಕೊಳ್ಳಬೇಕೆನ್ನುವ ಸಂದರ್ಭದಲ್ಲಿ. ಗಿರಾಕಿ ಹಣ ತೆರುವವನು. ಬಳಸುವವನು ಗುಂಡಿ ಒತ್ತುವವನು. ಆಸ್ಪತ್ರೆಗೆ ಯಂತ್ರ ಕೊಳ್ಳುವ ಅಧಿಕಾರಿಯೂ ರಾತ್ರಿಪಾಳಿಯಲ್ಲಿ ಅದರೊಡನೆ ಹೆಣಗುವ ದಾದಿಯೂ ಒಬ್ಬರೇ ಅಲ್ಲವಷ್ಟೆ!

ಈ ದಾದಿಯ ಪಕ್ಷ ವಹಿಸಿದವರು ಬೇರೊಂದು ಗುಂಪಿನವರು: ಮನುಷ್ಯನಿಗೂ ಕಂಪ್ಯೂಟರಿಗೂ ನಡುವಣ ವ್ಯವಹಾರವನ್ನು ರೂಪಿಸುವ ವಿನ್ಯಾಸಕಾರರು. ಬಳಸುವವರನ್ನು ಮೊದಲೇ ಕಾಣಿರಿ, ಅವರಿಂದಲೇ ಪರೀಕ್ಷಿಸಿರಿ, ತಿದ್ದಿ ಮತ್ತೆ ಮಾಡಿರಿ ಎಂದು ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ 1985ರಲ್ಲೇ ಬರೆದಿದ್ದರು. ತಿದ್ದುವ ಬುದ್ಧಿ ಸ್ನೋಬರ್ಡಿನವರಿಗೆ ಮಾತ್ರ ಹೊಳೆದುದಲ್ಲ.

ಎರಡು ಪಕ್ಷಗಳೂ ಮುಖಾಮುಖಿಯಾದುದು 2002ರಲ್ಲಿ ಪ್ರಕಟವಾದ ಒಂದು ಸಂವಾದದಲ್ಲಿ. ಒಂದು ಕಡೆ ಸ್ನೋಬರ್ಡಿನ ಹದಿನೇಳರಲ್ಲೊಬ್ಬರಾದ ಕೆಂಟ್ ಬೆಕ್. ಇನ್ನೊಂದು ಕಡೆ ವಿನ್ಯಾಸಕಾರ ಅಲನ್ ಕೂಪರ್. ಸಾಫ್ಟ್‌ವೇರ್ ಗುಡಿಸಲಲ್ಲ, ಐವತ್ತು ಅಂತಸ್ತಿನ ಕಟ್ಟಡ. ಬಳಸುವವರ ನಡೆಯನ್ನು ಮೊದಲು ಪೂರಾ ತಿಳಿದು ಆಮೇಲೆ ಕಟ್ಟಬೇಕು ಎಂದರು ಕೂಪರ್. ಬೆಕ್ ಒಪ್ಪಲಿಲ್ಲ. ಕಟ್ಟಡವೆದ್ದ ಮೇಲೆ ಅದನ್ನು ಎತ್ತಿ ಹಿಡಿದು ಅಡಿಪಾಯ ಬದಲಿಸಲಾಗದು, ನಿಜ. ನಮ್ಮಲ್ಲಿ ಅದು ದಿನನಿತ್ಯದ ಕೆಲಸ ಎಂದರು. ಗೋಡೆಗಳ ಮಟ್ಟಿಗೆ ಬೆಕ್ ಹೇಳಿದುದು ಸರಿ. ಆದರೆ ಒಳಗೆ ವಾಸಿಸುವವರ ಅಭ್ಯಾಸವೂ ಒಂದು ಅಡಿಪಾಯವೇ. ಸಾವಿರಾರು ಬೆರಳುಗಳು ಕಲಿತ ಗುಂಡಿಯನ್ನು ಇನ್ನೊಂದು ಮೂಲೆಗೆ ಸರಿಸಿ ನೋಡಿರಿ, ಕೂಪರರ ಮಾತಿನ ಭಾರ ಗೊತ್ತಾಗುತ್ತದೆ.

ಈ ವಾದಕ್ಕೆ ಒಂದು ಹೊಂದಿಕೆ ಟೊರಾಂಟೊದ ಏಲಿಯಸ್ ಎಂಬ ಸಂಸ್ಥೆಯಲ್ಲಿ ಕಂಡಿತು. ಅಲ್ಲಿ ಚಿತ್ರ ಬರೆಯುವವರಿಗಾಗಿ ‘ಸ್ಕೆಚ್‌ಬುಕ್ ಪ್ರೋ’ ಎಂಬುದನ್ನು ತಯಾರಿಸಿದರು. ಅದರ ಕಥೆಯನ್ನು ಲಿನ್ ಮಿಲ್ಲರ್ 2005ರಲ್ಲಿ, ವಿಧಾನದ ವಿವರಗಳನ್ನು ಡಿಸೈರೀ ಸೈ 2007ರಲ್ಲಿ ಬರೆದಿದ್ದಾರೆ. ಉಪಾಯ ಬಲು ಸರಳ: ವಿನ್ಯಾಸಕಾರರು ಕಟ್ಟುವವರಿಗಿಂತ ಒಂದು ಸುತ್ತು ಮುಂದಿರುವುದು. ಇವರು ಈ ಸುತ್ತಿನದನ್ನು ಕಟ್ಟುತ್ತಿರುವಾಗ ಅವರು ಮುಂದಿನ ಸುತ್ತಿಗೆ ನಕ್ಷೆ ಬರೆಯುತ್ತಾರೆ. ಹಿಂದಿನ ಸುತ್ತಿನಲ್ಲಿ ಕಟ್ಟಿದುದನ್ನು ಬಳಸುವವರ ಮುಂದಿಟ್ಟು ನೋಡುತ್ತಾರೆ. ಅದಕ್ಕೂ ಮುಂದಿನದಕ್ಕೆ ವಿಷಯ ಕೂಡಿಹಾಕುತ್ತಾರೆ. ಒಂದೊಂದು ಸುತ್ತಿಗೆ ಕೆಲವೇ ವಾರ. ಇದರಲ್ಲಿ ಹೆಚ್ಚು ಬಿಟ್ಟುಕೊಟ್ಟವರು ವಿನ್ಯಾಸಕಾರರೆಂದೇ ನನಗೆ ತೋರುತ್ತದೆ. ಇಡೀ ನಕ್ಷೆಯನ್ನು ಒಂದೇ ಸಲಕ್ಕೆ ಬರೆಯುವ ಹೆಮ್ಮೆ ಹೋಯಿತು. ಅದನ್ನು ತುಂಡುತುಂಡಾಗಿ ಒಡೆಯಬೇಕಾಯಿತು. ಉದ್ದನೆಯ ವರದಿಗಳೂ ಹೋದುವು. ಬಳಸುವವನು ಎಲ್ಲಿ ಎಡವಿದನೆಂಬುದನ್ನು ಕಟ್ಟುವವರ ಬಳಿಗೇ ಹೋಗಿ ಬಾಯಿಮಾತಿನಲ್ಲಿ ಹೇಳತೊಡಗಿದರು.